ಜೆನೆಟಿಕ್ ಕೌನ್ಸೆಲಿಂಗ್‌ಗೆ ಬರುವ ಮುಂಚೆ ಅಜ್ಜಿಯ ಹತ್ತಿರ ಕೂತು ಮಾತಾಡಿ

ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಜೆನೆಟಿಕ್ ಕೌನ್ಸೆಲರ್. ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಮೇಡಂ, ಡಾಕ್ಟ್ರು ಚೀಟಿಯಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಅಂತ ಬರೆದಿದ್ದಾರೆ. ಅಲ್ಲಿ ಏನು ಮಾಡ್ತಾರೆ? ಬರುವಾಗ ಏನು ತರಬೇಕು?" ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಬಂದ ಮೇಲೆ ನೋಡಿದರೆ ಬೇಕಾದ ಕಾಗದ ಮನೆಯಲ್ಲೇ ಉಳಿದಿರುತ್ತದೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಕೌನ್ಸೆಲಿಂಗ್ ಅಂದ ತಕ್ಷಣ ಕೆಲವರು ಮನಸ್ಸಿನ ಕಾಯಿಲೆಗೆ ಅಂದುಕೊಳ್ಳುತ್ತಾರೆ. ಇದು ಅದಲ್ಲ. ನಿಮ್ಮ ಮನೆತನದಲ್ಲಿ ಹುಟ್ಟಿನಿಂದ ಬರುವ ಕಾಯಿಲೆ ಇದೆಯಾ, ಇದ್ದರೆ ಮುಂದೆ ಯಾರಿಗೆ ಬರಬಹುದು, ಯಾವ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಏನೇನು ದಾರಿ ಇದೆ ಅಂತ ಕೂತು ಮಾತಾಡುವುದು. ಔಷಧಿ ಕೊಡುವುದಿಲ್ಲ. ಮಗು ಬೇಕೋ ಬೇಡವೋ ಅಂತ ನಾವು ತೀರ್ಮಾನ ಮಾಡುವುದಿಲ್ಲ. ವಿಷಯ ತಿಳಿಸುತ್ತೇವೆ, ತೀರ್ಮಾನ ನಿಮ್ಮದು.

ಒಂದು ಪದ ಮೊದಲೇ ತಿಳಿದಿರಲಿ. ಜೀನ್ ಅಂದರೆ ನಮ್ಮ ದೇಹ ಹೇಗೆ ಕಟ್ಟಬೇಕು, ಹೇಗೆ ನಡೆಸಬೇಕು ಅಂತ ಒಳಗೇ ಬರೆದಿಟ್ಟ ಸೂಚನೆ. ಹೆಚ್ಚಿನ ಜೀನ್‌ಗಳು ಜೋಡಿಯಾಗಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕೆಲವು ಕಾಯಿಲೆಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಅಂಥವರು ಆರೋಗ್ಯವಾಗೇ ಇರುತ್ತಾರೆ. ಅವರನ್ನು ವಾಹಕರು ಅನ್ನುತ್ತೇವೆ, ಆಸ್ಪತ್ರೆಯಲ್ಲಿ ಕ್ಯಾರಿಯರ್ ಅನ್ನುತ್ತಾರೆ. ವಾಹಕ ಅಂದರೆ ರೋಗಿ ಅಲ್ಲ.

1. ಯಾರು ಬರಬೇಕು, ಯಾವಾಗ ಬರಬೇಕು

ಮಗುವಿಗೆ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ಕಾಯಿಲೆ), ಹಿಮೋಫಿಲಿಯಾ (ರಕ್ತ ಸುರಿದರೆ ಬೇಗ ನಿಲ್ಲದ ಕಾಯಿಲೆ), ಡೌನ್ ಸಿಂಡ್ರೋಮ್ (ಬುದ್ಧಿ, ಬೆಳವಣಿಗೆ ನಿಧಾನವಾಗುವ ಹುಟ್ಟಿನ ತೊಂದರೆ), ಸ್ನಾಯು ಕ್ಷೀಣಿಸುವ ಕಾಯಿಲೆ ಇದ್ದರೆ ಬನ್ನಿ. ಕಾರಣ ಗೊತ್ತಾಗದೆ ಎರಡು ಮೂರು ಸಲ ಗರ್ಭ ಹೋಗಿದ್ದರೆ, ಹುಟ್ಟಿದ ಮಗು ಕೆಲವೇ ದಿನಕ್ಕೆ ತೀರಿಕೊಂಡಿದ್ದರೆ ಬನ್ನಿ. ಮಗು ನಡೆಯುವುದು, ಮಾತಾಡುವುದು ತುಂಬಾ ತಡವಾಗಿದ್ದರೂ ಬರಬೇಕು.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ತುಂಬಾ ಹೆದರಿಕೊಂಡು ಬರುತ್ತಾರೆ. ಇಷ್ಟು ತಿಳಿದುಕೊಳ್ಳಿ. ಯಾವುದೇ ದಂಪತಿಗೆ ಹುಟ್ಟುವ ಮಗುವಿನಲ್ಲಿ ದೊಡ್ಡ ತೊಂದರೆ ಇರುವ ಸಾಧ್ಯತೆ ನೂರಕ್ಕೆ 2ರಿಂದ 3. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಅದಕ್ಕೆ ಇನ್ನೂ 2–3 ಸೇರುತ್ತದೆ. ಸೋದರಮಾವ–ಅಕ್ಕನ ಮಗಳ ಮದುವೆಯಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಒಂದು ಕಾಯಿಲೆ ಆಗಲೇ ಕಂಡಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಮಾತ್ರ ತಡ ಮಾಡಬೇಡಿ.

ಬರಲು ಒಳ್ಳೆಯ ಸಮಯ ಗರ್ಭ ನಿಲ್ಲುವ ಮುಂಚೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಐದು ತಿಂಗಳು ತುಂಬಿದ ಮೇಲೆ ಬಂದರೆ ಪರೀಕ್ಷೆಗೂ ಸಮಯ ಇರುವುದಿಲ್ಲ, ಯೋಚನೆಗೂ ಇರುವುದಿಲ್ಲ. ಆಗಲೇ ಗರ್ಭಿಣಿ ಆಗಿದ್ದರೆ ಎರಡು ತಿಂಗಳು ದಾಟುವ ಮುಂಚೆ ಬನ್ನಿ. ಹಿಂದಿನ ಮಗುವಿಗೆ ಬೆನ್ನುಹುರಿ ಸರಿಯಾಗಿ ಮುಚ್ಚದ ತೊಂದರೆ ಇದ್ದರೆ, ಮುಂದಿನ ಗರ್ಭಕ್ಕೆ ಕಡಿಮೆ ಅಂದರೂ ಒಂದು ತಿಂಗಳು ಮುಂಚಿನಿಂದ ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ಮಾತ್ರೆ ಬೇಕು. ಎಷ್ಟು ಅಂತ ಡಾಕ್ಟರ್ ಬರೆದುಕೊಡುತ್ತಾರೆ. ಮುಟ್ಟು ನಿಂತಿತು ಅಂತ ಗೊತ್ತಾಗುವಷ್ಟರಲ್ಲಿ ಬೆನ್ನುಹುರಿ ಮುಚ್ಚುವ ಸಮಯ ಮುಗಿಯುತ್ತಾ ಬಂದಿರುತ್ತದೆ.

2. ಮನೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಸಾವಿರಾರು ರೂಪಾಯಿಯ ಪರೀಕ್ಷೆ ಹೇಳದ್ದನ್ನು ಒಬ್ಬ ಅಜ್ಜಿ ಹೇಳಿರುವುದನ್ನು ನಾನು ಕಂಡಿದ್ದೇನೆ.

ಒಂದು ದೊಡ್ಡ ಹಾಳೆ ತಗೊಳ್ಳಿ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಗಂಡ ಹೆಂಡತಿ ನಡುವೆ ಒಂದು ಗೆರೆ. ರಕ್ತಸಂಬಂಧದ ಮದುವೆ ಆಗಿದ್ದರೆ ಎರಡು ಗೆರೆ. ತೀರಿಕೊಂಡವರ ಮೇಲೆ ಓರೆಯಾಗಿ ಒಂದು ಗೆರೆ ಎಳೆಯಿರಿ. ಕಾಯಿಲೆ ಇದ್ದವರ ಚೌಕ ಅಥವಾ ಸೊನ್ನೆಯನ್ನು ಪೆನ್ನಿನಿಂದ ತುಂಬಿ. ಮಕ್ಕಳು, ಅಪ್ಪ ಅಮ್ಮ ಮತ್ತು ಅವರ ಒಡಹುಟ್ಟಿದವರು, ಅಜ್ಜ ಅಜ್ಜಿ, ಇಷ್ಟು ಇರಬೇಕು. ಗಂಡನ ಕಡೆ, ಹೆಂಡತಿ ಕಡೆ ಎರಡೂ ಬೇಕು.

ಇಲ್ಲಿ ನಮ್ಮ ಕನ್ನಡದ ನೆಂಟಸ್ತಿಕೆಯ ಪದಗಳಿಂದಲೇ ಒಂದು ತೊಂದರೆ ಬರುತ್ತದೆ. "ನಮ್ಮಣ್ಣನಿಗೂ ಹೀಗೇ ಇತ್ತು" ಅನ್ನುತ್ತೀರಿ. ಆ ಅಣ್ಣ ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವನಾ, ದೊಡ್ಡಪ್ಪನ ಮಗನಾ, ದೊಡ್ಡಮ್ಮನ ಮಗನಾ? ನಮಗೆ ಎಲ್ಲರೂ ಅಣ್ಣನೇ. ಜೀನಿನ ಲೆಕ್ಕದಲ್ಲಿ ಮೂರೂ ಬೇರೆ. ಚಿಕ್ಕಮ್ಮ ಅಂದರೆ ಅಮ್ಮನ ತಂಗಿಯೂ ಹೌದು, ಚಿಕ್ಕಪ್ಪನ ಹೆಂಡತಿಯೂ ಹೌದು. ಮೊದಲನೆಯವರು ರಕ್ತಸಂಬಂಧ, ಎರಡನೆಯವರು ಬೇರೆ ಮನೆಯಿಂದ ಬಂದವರು. ಅತ್ತೆ ಅನ್ನುವ ಒಂದು ಪದದಲ್ಲಿ ಅಪ್ಪನ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ ಮೂರೂ ಜನ ಇದ್ದಾರೆ. ಅದಕ್ಕೆ ಹಾಳೆಯಲ್ಲಿ "ಅತ್ತೆ", "ಮಾವ" ಅಂತ ಬರೆಯಲೇಬೇಡಿ. "ಅಪ್ಪನ ತಂಗಿ", "ಅಮ್ಮನ ತಮ್ಮ" ಅಂತ ಬಿಡಿಸಿ ಬರೆಯಿರಿ. ಹಿಮೋಫಿಲಿಯಾದಂಥ ಕಾಯಿಲೆಯಲ್ಲಿ ಇದೇ ಉತ್ತರ. ಅಮ್ಮನ ತಮ್ಮನಿಗೆ ಇದ್ದರೆ ಒಂದು ಅರ್ಥ, ಅಪ್ಪನ ತಂಗಿಯ ಗಂಡನಿಗೆ ಇದ್ದರೆ ಬೇರೆಯೇ ಅರ್ಥ. ನಾವು ಇಬ್ಬರನ್ನೂ ಮಾವ ಅಂತಲೇ ಕರೆಯುತ್ತೇವೆ, ಅಲ್ವಾ?

ಇನ್ನು ಕೇಳುವ ರೀತಿ. "ಅಜ್ಜಿ, ನಮ್ಮ ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತಾ?" ಅಂತ ಕೇಳಿದರೆ "ಏನೂ ಇಲ್ಲ ಕಣವ್ವ" ಅಂತಲೇ ಉತ್ತರ ಬರುತ್ತದೆ. ಮನೆತನದ ಮರ್ಯಾದೆ ಅದು. ಹೀಗೆ ಕೇಳಿ: "ಅಜ್ಜಿ, ನಿಮಗೆ ಎಷ್ಟು ಹೆರಿಗೆ ಆಯ್ತು? ಎಷ್ಟು ಉಳೀತು?" ಬೇಲೂರು ಕಡೆಯ ಒಬ್ಬ ಅಜ್ಜಿ ಇದಕ್ಕೆ ಬೆರಳು ಮಡಚುತ್ತಾ ಹೇಳಿದರು, "ಏಳು ಹೆತ್ತೆ, ಐದು ಉಳೀತು." ಹೋದ ಇಬ್ಬರ ಬಗ್ಗೆ ಕೇಳಿದೆ. ಇಬ್ಬರೂ ಗಂಡು. ಒಬ್ಬನಿಗೆ ಹಲ್ಲು ಬಿದ್ದಾಗ ರಕ್ತ ನಿಲ್ಲಲೇ ಇಲ್ಲವಂತೆ. ಇನ್ನೊಬ್ಬನಿಗೆ ಮಂಡಿ ಊದಿ ಊದಿ ನಡೆಯಲಾಗುತ್ತಿರಲಿಲ್ಲ. ಅಷ್ಟು ವರ್ಷ ಅದನ್ನು ದೃಷ್ಟಿ ಅಂದುಕೊಂಡಿದ್ದರು. ಅವರ ಮಗಳ ಮಗನಿಗೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕು ಅಂತ ನಮಗೆ ಅಲ್ಲೇ ಗೊತ್ತಾಯಿತು.

"ಊರಿನ ನೀರು ಸರಿ ಇಲ್ಲ", "ಏನೋ ತಿಂದಿದ್ದು" ಅನ್ನುವ ಮಾತುಗಳನ್ನೂ ಬರೆದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಹಂದಿಗೋಡು ಕಾಯಿಲೆ ಕೇಳಿರುತ್ತೀರಿ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಸವೆದು ಜನ ನಡೆಯಲಾಗದೆ ಕೂತರು. ಆಮೇಲೆ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಅದು ಕಂಡಿತು. ಮೊದಮೊದಲು ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದಕ್ಕೆ ಹೀಗಾಯಿತು ಅನ್ನುವ ಅನುಮಾನ ಇತ್ತು. ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಅದು ಅಪ್ಪನಿಂದಲೋ ಅಮ್ಮನಿಂದಲೋ ಮಕ್ಕಳಿಗೆ ಬರುವ ಮೂಳೆಯ ಕಾಯಿಲೆ ಅಂತ ತಿಳಿಯಿತು.

ಎಚ್ಚರಿಕೆ: ಗರ್ಭಪಾತ, ಸತ್ತು ಹುಟ್ಟಿದ ಮಗು, ಮೊದಲ ಮದುವೆಯ ಮಕ್ಕಳು, ದತ್ತು, ಇವನ್ನು ಮುಚ್ಚಿಡಬೇಡಿ. ಎಲ್ಲರ ಎದುರು ಹೇಳಲಾಗದಿದ್ದರೆ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಅದು ನಿಮ್ಮ ಹಕ್ಕು.

3. ತರಬೇಕಾದ ಕಾಗದ

ಆಧಾರ್, ಬಿಪಿಎಲ್ ಕಾರ್ಡ್, ತಾಯಿ ಕಾರ್ಡ್. ಹಳೆಯ ರಕ್ತ ಪರೀಕ್ಷೆಯ ರಿಪೋರ್ಟ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆ ಫಿಲ್ಮ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ತೀರಿಕೊಂಡ ಮಗುವಿನ ಕಾಗದಗಳನ್ನು ದುಃಖದಲ್ಲಿ ಸುಟ್ಟುಬಿಡುತ್ತಾರೆ. ದಯವಿಟ್ಟು ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಒಂದೆರಡು ಫೋಟೋ ಇದ್ದರೆ ಅದನ್ನೂ. ಮುಖದ ಲಕ್ಷಣ, ಕೈ ಬೆರಳು ನೋಡಿ ತಜ್ಞರು ಎಷ್ಟೋ ವಿಷಯ ಹೇಳುತ್ತಾರೆ.

4. ಆಸ್ಪತ್ರೆಗೆ ಬಂದ ದಿನ

ಗಂಡ ಹೆಂಡತಿ ಇಬ್ಬರೂ ಬನ್ನಿ. "ಅವರಿಗೆ ರಜೆ ಇಲ್ಲ" ಅಂತ ಹೆಂಗಸರೇ ಅತ್ತೆಯ ಜೊತೆ ಬರುತ್ತಾರೆ. ಥಲಸ್ಸೇಮಿಯಾದಂಥ ಕಾಯಿಲೆಯಲ್ಲಿ ಇಬ್ಬರ ರಕ್ತ ನೋಡದೆ ಏನೂ ಹೇಳಲಾಗುವುದಿಲ್ಲ. ಮಗುವನ್ನೂ ಕರೆತನ್ನಿ. ಮಾತಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ತಿಂಡಿ ತಿಂದು ಬನ್ನಿ.

ಹುಟ್ಟುವುದು ಗಂಡೋ ಹೆಣ್ಣೋ ಅಂತ ಕೇಳಬೇಡಿ. 1994ರ ಕಾಯ್ದೆ ಪ್ರಕಾರ ಹೇಳುವುದೂ ಕೇಳುವುದೂ ಅಪರಾಧ. ಗರ್ಭದ ಪರೀಕ್ಷೆ ಮಾಡುವಾಗ ನಿಮ್ಮ ಲಿಖಿತ ಒಪ್ಪಿಗೆ ತಗೊಳ್ಳುತ್ತಾರೆ. ಆ ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದದೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ.

5. ಪರೀಕ್ಷೆಗೆ ಒಂದು ಕ್ರಮ ಇದೆ

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ. ಯಾವುದೋ ಲ್ಯಾಬಿನಲ್ಲಿ ದೊಡ್ಡ ಜೀನ್ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ, ಅದೂ ಗರ್ಭಿಣಿಯದ್ದು. ಕಾಯಿಲೆ ಇರುವ ಮೊದಲ ಮಗುವಿಗೇ ಪರೀಕ್ಷೆ ಆಗಿರುವುದಿಲ್ಲ. ಕ್ರಮ ಇದು: ಮೊದಲು ಕಾಯಿಲೆ ಇರುವವರು, ಆಮೇಲೆ ಅಪ್ಪ ಅಮ್ಮ, ಆಮೇಲೆ ಉಳಿದವರು. ಯಾವ ಜೀನಿನಲ್ಲಿ ಏನು ತಪ್ಪಾಗಿದೆ ಅಂತ ಮೊದಲ ಮಗುವಿನಲ್ಲಿ ಗೊತ್ತಾದರೆ ಮಾತ್ರ ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅದನ್ನೇ ಹುಡುಕಬಹುದು.

ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಎಷ್ಟೋ ಹೆಂಗಸರಿಗೆ "ರಕ್ತ ಕಮ್ಮಿ" ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ. ಸರಿಯಾಗಿ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಅಂಥವರಿಗೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಇದು ರಕ್ತದಲ್ಲಿರುವ ಹಿಮೋಗ್ಲೋಬಿನ್ ಯಾವ ಯಾವ ಬಗೆಯದು, ಎಷ್ಟೆಷ್ಟು ಇದೆ ಅಂತ ಬಿಡಿಸಿ ತೋರಿಸುವ ಪರೀಕ್ಷೆ. ನಮ್ಮ ದೇಶದಲ್ಲಿ ನೂರಕ್ಕೆ 3–4 ಜನ ಬೀಟಾ ಥಲಸ್ಸೇಮಿಯಾ ವಾಹಕರು. ಅಸ್ಸಾಂ, ಬಂಗಾಳದಿಂದ ತೋಟದ ಕೆಲಸಕ್ಕೆ ಬಂದವರಲ್ಲಿ ಹಿಮೋಗ್ಲೋಬಿನ್ ಇ ಅನ್ನುವ ಬಗೆ ಕಾಣುತ್ತದೆ. ಜಾರ್ಖಂಡ್, ಒಡಿಶಾ ಕಡೆಯವರಲ್ಲಿ ಕುಡಗೋಲು ಕಣ, ಅಂದರೆ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇರಬಹುದು. ಒಬ್ಬರದು ಹಿಮೋಗ್ಲೋಬಿನ್ ಇ, ಇನ್ನೊಬ್ಬರದು ಬೀಟಾ ಥಲಸ್ಸೇಮಿಯಾ ಆದರೂ ಮಗುವಿಗೆ ತೀವ್ರ ಕಾಯಿಲೆ ಬರಬಹುದು. ಸಿಕಲ್ ಸೆಲ್‌ಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಶುರುವಾಗಿದೆ. 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನವರಿಗೆ ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ಆ ಕಾರ್ಡ್ ಕಳೆದುಕೊಳ್ಳಬೇಡಿ.

ಎಚ್ಚರಿಕೆಗಳು, ಒಂದೊಂದೂ ನಾನು ಕಣ್ಣಾರೆ ಕಂಡ ತಪ್ಪು:

ಮಗುವಿಗೆ ರಕ್ತ ಹಾಕಿಸುವ ಮುಂಚೆ ಎಚ್‌ಪಿಎಲ್‌ಸಿಗೆ ರಕ್ತ ತೆಗೆಸಿ. ಹಾಕಿಸಿದ ಮೇಲೆ ಸುಮಾರು ಮೂರು ತಿಂಗಳು ಬೇರೆಯವರ ರಕ್ತದ ರಿಪೋರ್ಟ್ ಬಂದಂತೆ ಆಗುತ್ತದೆ. ತುರ್ತು ಇದ್ದರೆ ಒಂದು ಟ್ಯೂಬ್ ತೆಗೆದಿಟ್ಟು ಆಮೇಲೆ ರಕ್ತ ಹಾಕಿ ಅಂತ ಕೇಳಿ. ಅದೂ ಆಗದಿದ್ದರೆ ಅಪ್ಪ ಅಮ್ಮನ ಪರೀಕ್ಷೆಯಿಂದ ದಾರಿ ಸಿಗುತ್ತದೆ.

ವಾಹಕರು ಅಂತ ಗೊತ್ತಾದ ತಕ್ಷಣ ಕಬ್ಬಿಣದ ಮಾತ್ರೆ ನೀವೇ ನಿಲ್ಲಿಸಬೇಡಿ. ವಾಹಕರಿಗೂ ಕಬ್ಬಿಣದ ಕೊರತೆ ಇರಬಹುದು. ಗರ್ಭಿಣಿಯರಂತೂ ಡಾಕ್ಟರನ್ನು ಕೇಳದೆ ಬಿಡಬಾರದು.

ಹಿಮೋಫಿಲಿಯಾ ಅನುಮಾನ ಇರುವ ಮಗುವಿಗೆ ಹಲ್ಲು ಕೀಳಿಸುವ ಮುಂಚೆ, ಯಾವ ಇಂಜೆಕ್ಷನ್ ಚುಚ್ಚಿಸುವ ಮುಂಚೆಯೂ ವಿಷಯ ಹೇಳಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.

ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಲೇಬೇಕು. ಐಸಿಯುನಲ್ಲಿರುವ ಮಗು ಉಳಿಯುವುದು ಕಷ್ಟ, ಕಾಯಿಲೆ ಏನು ಅಂತಲೂ ತಿಳಿದಿಲ್ಲ ಅಂದರೆ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ 2–3 ಎಂ.ಎಲ್. ರಕ್ತ ತೆಗೆದಿಡಲು ಕೇಳಿ. ಅದರಿಂದ ಡಿಎನ್‌ಎ ತೆಗೆದು ವರ್ಷಗಟ್ಟಲೆ ಇಡಬಹುದು. ಆ ಒಂದು ಟ್ಯೂಬ್ ಇಲ್ಲದೆ ಎರಡನೇ ಮಗುವಿಗೂ ಉತ್ತರ ಸಿಗದ ದಂಪತಿಗಳನ್ನು ನೋಡಿದ್ದೇನೆ. ಅವರ ಮುಖ ನನಗೆ ಮರೆಯುವುದಿಲ್ಲ.

6. ನಾಲ್ಕರಲ್ಲಿ ಒಂದು ಅಂದರೇನು

ಅಪ್ಪ ಅಮ್ಮ ಇಬ್ಬರೂ ಒಂದೇ ಕಾಯಿಲೆಯ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಕೇಳಿದವರು "ಹಾಗಾದ್ರೆ ಮೊದಲನೇದಕ್ಕೆ ಬಂತಲ್ಲ, ಇನ್ನು ಮೂರು ಮಕ್ಕಳು ಸರಿ ಇರ್ತವೆ" ಅನ್ನುತ್ತಾರೆ. ತಪ್ಪು. ನನ್ನ ಮೇಜಿನ ಡ್ರಾಯರ್‌ನಲ್ಲಿ ಎರಡು ಕವಡೆ ಇವೆ. ಒಂದು ಅಪ್ಪನದು, ಇನ್ನೊಂದು ಅಮ್ಮನದು. ಎರಡನ್ನೂ ಅವರ ಕೈಗೇ ಕೊಟ್ಟು ಚೌಕಾಬಾರದಲ್ಲಿ ಹಾಕಿದಂತೆ ಹಾಕಿಸುತ್ತೇನೆ. ಎರಡೂ ಮಗುಚಿ ಬಿದ್ದರೆ ಕಾಯಿಲೆ. ಒಂದು ಮಗುಚಿದರೆ ವಾಹಕ. ಎರಡೂ ಅಂಗಾತ ಬಿದ್ದರೆ ಏನೂ ಇಲ್ಲ. ಒಮ್ಮೆ ಎರಡೂ ಮಗುಚಿ ಬಿದ್ದ ಮೇಲೆ ಮತ್ತೆ ಹಾಕಿ ಅನ್ನುತ್ತೇನೆ. ಕವಡೆಗೆ ಹಿಂದಿನ ಆಟ ನೆನಪಿರುವುದಿಲ್ಲ. ಪ್ರತಿ ಗರ್ಭವೂ ಹೊಸದಾಗಿ ಹಾಕಿದ ಕವಡೆ. ಹತ್ತು ಸಲ ಹಾಕಿದ ಮೇಲೆ ಮಾತು ಬೇಕಾಗುವುದಿಲ್ಲ.

ಎಲ್ಲ ಕಾಯಿಲೆಗೂ ಇದೇ ಲೆಕ್ಕ ಅಲ್ಲ. ಹಂದಿಗೋಡಿನಂಥದ್ದರಲ್ಲಿ ಒಬ್ಬರಿಂದಲೇ ಬರುತ್ತದೆ, ಎರಡರಲ್ಲಿ ಒಂದು. ಹಿಮೋಫಿಲಿಯಾದಲ್ಲಿ, ಡುಶೇನ್ ಅನ್ನುವ ಸ್ನಾಯು ಕ್ಷೀಣಿಸುವ ಕಾಯಿಲೆಯಲ್ಲಿ ತಾಯಿ ವಾಹಕಳಾಗಿರಬಹುದು, ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಆದರೆ ಡುಶೇನ್ ಇರುವ ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ತಪ್ಪು ಹೊಸದಾಗಿ ಆಗಿರುತ್ತದೆ, ತಾಯಿಯಲ್ಲಿ ಇರುವುದೇ ಇಲ್ಲ. ಡೌನ್ ಸಿಂಡ್ರೋಮ್ ಹೆಚ್ಚಿನ ಸಲ ಮನೆತನದಿಂದ ಬಂದಿರುವುದಿಲ್ಲ. ಆದರೂ ಮಗುವಿನ ಕ್ಯಾರಿಯೋಟೈಪ್, ಅಂದರೆ ಜೀನ್‌ಗಳಿರುವ ಎಳೆಗಳಾದ ವರ್ಣತಂತುಗಳನ್ನು ಎಣಿಸುವ ಪರೀಕ್ಷೆ ಮಾಡಿಸಿ. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಒಂದು ವರ್ಣತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ಆಗ ಅಪ್ಪ ಅಮ್ಮನಿಗೂ ಪರೀಕ್ಷೆ ಬೇಕು.

7. ಗರ್ಭಿಣಿಯಾಗಿದ್ದರೆ ದಿನಗಳ ಲೆಕ್ಕ

ಕೊನೆಯ ಮುಟ್ಟಿನ ಮೊದಲ ದಿನ ಬರೆದಿಟ್ಟುಕೊಳ್ಳಿ. 11ರಿಂದ 14 ವಾರದೊಳಗೆ ಮಾಸಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಬಹುದು. 16ನೇ ವಾರದ ಹೊತ್ತಿಗೆ ಮಗುವಿನ ಸುತ್ತ ಇರುವ ನೀರು ತೆಗೆದು ನೋಡಬಹುದು. ರಿಪೋರ್ಟಿಗೆ ಎರಡು ಮೂರು ವಾರ ಹಿಡಿಯಬಹುದು. ಎರಡರಲ್ಲೂ ಗರ್ಭ ಹೋಗುವ ಅಪಾಯ ಸ್ವಲ್ಪ ಇದೆ, ಕೇಳಿ ತಿಳಿದುಕೊಳ್ಳಿ. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಅಪಾಯ ಎಷ್ಟಿರಬಹುದು ಅಂತ ಮಾತ್ರ ಸೂಚಿಸುವ ಪರೀಕ್ಷೆ. ಅದೊಂದನ್ನೇ ನಂಬಿ ಯಾವ ತೀರ್ಮಾನವನ್ನೂ ತಗೊಳ್ಳಬೇಡಿ.

ಗರ್ಭ ಮುಂದುವರಿಸದಿರಲು ನೀವು ನಿರ್ಧರಿಸಿದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದು ಬೇಕು. ಅದು ದಾಟಿದರೆ, ಮಗುವಿಗೆ ದೊಡ್ಡ ತೊಂದರೆ ಇದ್ದಾಗ ಮಾತ್ರ, ವೈದ್ಯಕೀಯ ಮಂಡಳಿ ಒಪ್ಪಬೇಕು. ಮುಂದುವರಿಸುತ್ತೇವೆ ಅಂದರೂ ನಿಮ್ಮನ್ನು ಯಾರೂ ಬೈಯುವ ಹಾಗಿಲ್ಲ. ಎಲ್ಲಿ ಹೆರಿಗೆ ಆಗಬೇಕು, ಹುಟ್ಟಿದ ತಕ್ಷಣ ಏನು ಬೇಕು ಅಂತ ಸಿದ್ಧತೆ ಮಾಡುತ್ತೇವೆ.

8. ಬೆಂಗಳೂರಿಗೆ ಕಳಿಸಿದರೆ

ಕೆಲವು ಪರೀಕ್ಷೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ, ನರ ಮತ್ತು ಸ್ನಾಯುವಿನ ಕಾಯಿಲೆಯಾದರೆ ನಿಮ್ಹಾನ್ಸ್‌ಗೋ ಬರೆದುಕೊಡುತ್ತಾರೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿ ಇದೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ ಗುರುತಿಸಿದ ಕೇಂದ್ರದ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಥಲಸ್ಸೇಮಿಯಾ ಮಗುವಿಗೆ ಅಸ್ಥಿಮಜ್ಜೆ ಕಸಿಗೆ 'ಥಲಸ್ಸೇಮಿಯಾ ಬಾಲ ಸೇವಾ ಯೋಜನೆ'ಯಲ್ಲಿ 10 ಲಕ್ಷದವರೆಗೆ ಕೊಡುತ್ತಾರೆ. ಒಡಹುಟ್ಟಿದವರ ಮಜ್ಜೆ ಹೊಂದುವ ಸಾಧ್ಯತೆ ಇಲ್ಲೂ ನಾಲ್ಕರಲ್ಲಿ ಒಂದು.

ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿವೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಸಣ್ಣ ಮಕ್ಕಳಾದರೆ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಡಾಕ್ಟರಿಗೂ ತೋರಿಸಿ. ಅವರ ಚೀಟಿ ಇದ್ದರೆ ಮುಂದಿನ ಆಸ್ಪತ್ರೆಯ ಓಡಾಟ ಎಷ್ಟೋ ಕಡಿಮೆ.

9. ನೆಂಟರಿಗೆ ಹೇಳುವುದು

ರಿಪೋರ್ಟ್ ಬಂದ ದಿನವೇ "ಸೊಸೆಯ ಕಡೆಯಿಂದ ಬಂತು" ಅನ್ನುವ ಮಾತು ಹುಟ್ಟುತ್ತದೆ. ಥಲಸ್ಸೇಮಿಯಾ ಮೇಜರ್, ಅಂದರೆ ಅದರ ತೀವ್ರ ಬಗೆ, ಇಬ್ಬರಿಂದಲೂ ಬಾರದೆ ಆಗುವುದಿಲ್ಲ. ತಾಯಿಯಿಂದ ಬರುವ ಕಾಯಿಲೆಯಲ್ಲೂ ಅವಳದೇನೂ ತಪ್ಪಿಲ್ಲ, ಯಾವ ಜೀನ್ ಕೊಡಬೇಕು ಅಂತ ಯಾರೂ ಆರಿಸಿ ಕೊಡುವುದಿಲ್ಲ. ಬೇಕಾದರೆ ಮನೆಯ ಹಿರಿಯರನ್ನು ನಮ್ಮ ಹತ್ತಿರ ಕರೆತನ್ನಿ, ನಾವೇ ಹೇಳುತ್ತೇವೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ರಿಪೋರ್ಟನ್ನು ನಾವು ಯಾರಿಗೂ, ಒಡಹುಟ್ಟಿದವರಿಗೂ ತೋರಿಸುವುದಿಲ್ಲ. ಹಾಗಾಗಿ ಅವರಿಗೆ ಹೇಳಬೇಕಾದವರು ನೀವೇ.

ಹೇಗೆ ಹೇಳುವುದು ಅಂತ ತಿಳಿಯದೆ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಕೊಪ್ಪದಲ್ಲಿರುವ ತಂಗಿಗೆ ಫೋನ್ ಮಾಡಿ ಇಷ್ಟು ಹೇಳಿದರೆ ಸಾಕು: "ನನ್ನ ಮಗುವಿಗೆ ಥಲಸ್ಸೇಮಿಯಾ ಅಂತ ಗೊತ್ತಾಗಿದೆ. ನಾನು ವಾಹಕಿ. ನೀನೂ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಆಗಿದ್ದರೂ ನಿನ್ನ ಆರೋಗ್ಯಕ್ಕೆ ಏನೂ ಆಗಲ್ಲ. ಎಚ್‌ಪಿಎಲ್‌ಸಿ ಅಂತ ಒಂದು ರಕ್ತ ಪರೀಕ್ಷೆ, ನೀನೂ ನಿನ್ನ ಗಂಡನೂ ಮಾಡಿಸಿಕೊಳ್ಳಿ. ನನ್ನ ರಿಪೋರ್ಟಿನ ಫೋಟೋ ಕಳಿಸ್ತೀನಿ, ಡಾಕ್ಟರಿಗೆ ಅದನ್ನು ತೋರಿಸು."